ಬಾಮೈದನ ಕಾರಿನ ಎಡಗಡೆ ಬಾಗಿಲು

ನನಗೆ ಕಾರು ಓಡಿಸಲು ಬರುತ್ತದೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬರಬಹುದು. ಲೈಸೆನ್ಸ್ ಇದೆ. ಅದರ ಫೋಟೋದಲ್ಲಿ ನನ್ನ ತಲೆಯ ಮೇಲೆ ಕೂದಲೂ ಇದೆ! ಆದರೆ ಹಿಂದೂಪುರದಲ್ಲಿ ನಾನು ಹೆಸರು ಮಾಡಿರುವುದು ಕಾರಿನಿಂದಲ್ಲ, ಕಣ್ಣಿನಿಂದ.

ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ. ತಾತ ಮಗ್ಗ ಬಿಟ್ಟು ಬಣ್ಣದ ಹಂಡೆ ಹಿಡಿದರು, ಅಪ್ಪ ಅದೇ ಹಂಡೆಯ ಮುಂದೆ ಜೀವನ ಕಳೆದರು, ನಾನು ಮೂರನೆಯವನು. ನೇಯುವವರು ನಮ್ಮಲ್ಲಿಗೆ ಹೂವಿನ ದಳ ತರುತ್ತಾರೆ, ಒಡೆದ ಬಳೆಯ ಚೂರು ತರುತ್ತಾರೆ, ಒಬ್ಬರು ಒಮ್ಮೆ ಮಾವಿನ ಚಿಗುರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದರು. 'ಇದೇ ಬಣ್ಣ ಬೇಕು' ಅಂದರೆ ಸಾಕು, ಸಂಜೆಯೊಳಗೆ ನೂಲು ಆ ಬಣ್ಣಕ್ಕೆ ಬಂದಿರುತ್ತದೆ. ಅಳತೆಯಿಲ್ಲ, ಪುಸ್ತಕವಿಲ್ಲ, ಮೆಷಿನ್ ಇಲ್ಲ. ಬರೀ ಕಣ್ಣು! ಎರಡು ಲಡಿ ನೂಲು ಒಂದೇ ಹಂಡೆಯಲ್ಲಿ ಅದ್ದಿದ್ದೋ ಬೇರೆ ಬೇರೆ ಹಂಡೆಯದೋ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಈ ವಿಷಯವನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆಂದು ನನ್ನ ಹೆಂಡತಿ ರತ್ನಳ ದೂರು. ನನ್ನ ಲೆಕ್ಕದಲ್ಲಿ ಎರಡೇ ಸಲ.

ರತ್ನಳ ತಮ್ಮ ಸುರೇಶ ಕಲ್ಯಾಣದುರ್ಗದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾನೆ. ಅವನೂ ಅವನ ಹೆಂಡತಿ ಸುಜಾತಳೂ ಹತ್ತು ದಿನದ ಕಾಶಿ ಯಾತ್ರೆಗೆಂದು ನಮ್ಮೂರಿನಲ್ಲಿ ರೈಲು ಹತ್ತುವವರಿದ್ದರು. ಕಾರಿನಲ್ಲಿ ಬಂದು, ಕಾರನ್ನು ನಮ್ಮ ಅಂಗಳದಲ್ಲಿ ಬಿಟ್ಟರು. ಕೆಂಪು ಕಾರು. ಕಂಪನಿಯವರು ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದಾರಂತೆ, ನನ್ನ ಪ್ರಕಾರ ಅದು ಅಪ್ಪಟ ದಾಳಿಂಬೆ. ಸುರೇಶ ಕೀ ಕೊಡುವಾಗ ಹೆಣ್ಣು ಒಪ್ಪಿಸುವವನ ಹಾಗೆ ಎರಡೂ ಕೈಯಲ್ಲಿ ಕೊಟ್ಟ.

"ಬಾವ, ಎರಡು ದಿನಕ್ಕೊಂದ್ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಬುಡಿ. ಇಲ್ಲಾಂದ್ರೆ ಬ್ಯಾಟ್ರಿ ಕೂತ್ಕೊಂತೈತೆ."

"ಅಷ್ಟೇನಾ?"

"ಅಷ್ಟೇ ಬಾವ. ಅಷ್ಟೇ. ನಿಂತಲ್ಲೇ ನಿಂತಿರ್ಲಿ."

ನಾಲ್ಕನೆಯ ದಿನದವರೆಗೂ ಕಾರು ನಿಂತಲ್ಲೇ ನಿಂತಿತ್ತು. ಅವತ್ತು ಕಲ್ಯಾಣದುರ್ಗದ ಒಬ್ಬ ನೇಕಾರರ ಮನೆಗೆ ಮದುವೆ ಸೀರೆಯ ನೂಲು ಮುಟ್ಟಿಸಬೇಕಿತ್ತು. ಯಾವಾಗಲೂ ಬಸ್ಸಿನಲ್ಲಿ ಗಂಟು ಹೊತ್ತುಕೊಂಡು ಹೋಗುತ್ತಿದ್ದವನು ನಾನು. ಅಂಗಳದಲ್ಲಿ ಕಾರು, ಜೇಬಿನಲ್ಲಿ ಕೀ. ಬ್ಯಾಟರಿಯ ಆರೋಗ್ಯದ ದೃಷ್ಟಿಯಿಂದ ಯೋಚಿಸಿದಾಗ ಐದು ನಿಮಿಷಕ್ಕಿಂತ ಮೂರು ಗಂಟೆ ಹೆಚ್ಚು ಉಪಯುಕ್ತವೆಂದು ನನಗೆ ಮನವರಿಕೆಯಾಯಿತು.

"ರೀ, ಅದು ನನ್ನ ತಮ್ಮನ ಕಾರು," ಅಂದಳು ರತ್ನ. "ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ಇವತ್ತಿನವರ್ಗೂ ತವರಲ್ಲಿ ನಿಮ್ಮ ಬಗ್ಗೆ ಒಂದು ಮಾತು ಬಂದಿಲ್ಲ. ಈ ಕಾರಿಗೆ ಏನಾರ ಆದ್ರೆ ನಾನು ಯಾವ ಮುಖ ಇಟ್ಕೊಂಡು ಅಲ್ಲಿಗೆ ಹೋಗ್ಲಿ?"

"ಕಾರಿಗೆ ಏನಾಯ್ತದೆ? ನನಗೆ ಕಣ್ಣಿಲ್ವಾ?"

ರತ್ನ ಮನೆಗೆ ಬೀಗ ಹಾಕಿದಳು. ಕಾವಲಿಗೆಂದು ಪಕ್ಕದ ಸೀಟಿನಲ್ಲಿ ಬಂದು ಕೂತಳು.

ಮಡಕಶಿರಾ ದಾಟಿದೆ. ಕುಂದುರ್ಪಿ ಕಡೆ ಕುರಿ ಹಿಂಡು ಅಡ್ಡ ಬಂತು, ನಿಲ್ಲಿಸಿದೆ. ರಸ್ತೆಯ ಅರ್ಧಕ್ಕೆ ಕಡಲೆಕಾಯಿ ಒಣಹಾಕಿದ್ದರು, ಒಂದು ಕಾಯಿಯೂ ತುಳಿಯದೆ ದಾಟಿಸಿದೆ. ರತ್ನಳ ಮುಷ್ಟಿ ನಿಧಾನವಾಗಿ ಸಡಿಲವಾಯಿತು. "ಪರ್ವಾಗಿಲ್ಲ ಕಣ್ರೀ, ಚೆನ್ನಾಗೇ ಓಡಿಸ್ತೀರ," ಅಂದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಅಪರೂಪ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದನ್ನು ವಾಪಸ್ ತಗೊಂಡಳು.

ಕಲ್ಯಾಣದುರ್ಗದಲ್ಲಿ ನೇಕಾರರ ಬೀದಿಗೆ ಎಡಕ್ಕೆ ತಿರುಗಬೇಕು. ಮೂಲೆಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಅದರ ಹಿಂದಿನ ಮನೆಯ ತಾರಸಿಯ ಮೇಲೆ ಒಂದು ಸೀರೆ ಒಣಹಾಕಿದ್ದರು. ಆ ಸೀರೆಯ ಬಣ್ಣವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ! ಕೆಂಪಲ್ಲ, ಹಸಿರಲ್ಲ, ಕಂದು ಅನ್ನೋಣವೆಂದರೆ ಅದೂ ಅಲ್ಲ. ಮಾಗಿದ ಹುಣಸೆಯ ಮೇಲೆ ಸಂಜೆ ಬಿಸಿಲು ಬಿದ್ದ ಹಾಗೆ, ಒಂದು ಮಡಿಕೆಯಲ್ಲಿ ಒಂದು ತರಹ, ಇನ್ನೊಂದು ಮಡಿಕೆಯಲ್ಲಿ ಇನ್ನೊಂದು ತರಹ. ಇದನ್ನು ಯಾರು ಹಾಕಿದ್ದು? ಮೊದಲು ಯಾವುದರಲ್ಲಿ ಅದ್ದಿದರು? ಮೇಲೇನು ಕೊಟ್ಟರು? ಕಣ್ಣು ಹೋದ ಕಡೆಗೆ ಕೈಯೂ ಹೋಯಿತು, ಕೈ ಹೋದ ಕಡೆಗೆ ಸ್ಟೇರಿಂಗೂ ಹೋಯಿತು.

ಕರ್ರ್ರ್...ಢಬ್!

ಬಿಳಿ ಕಾರಿನ ಮೂಲೆ ನಮ್ಮ ಕಾರಿನ ಎಡಗಡೆಯ ಹಿಂದಿನ ಬಾಗಿಲಿಗೆ ನಾಟಿತ್ತು. ಅಥವಾ ನಮ್ಮ ಬಾಗಿಲು ಅದರ ಮೂಲೆಗೆ ಉಜ್ಜಿತ್ತು. ಬಿಳಿ ಕಾರು ಬೆಳಗಿನಿಂದ ಕದಲಿರಲಿಲ್ಲವೆಂದು ಆಮೇಲೆ ಬೀದಿಯವರೆಲ್ಲ ಸಾಕ್ಷಿ ಹೇಳಿದ್ದರಿಂದ ಎರಡನೆಯದೇ ಸರಿ ಎಂದು ಒಪ್ಪಿಕೊಳ್ಳಬೇಕಾಯಿತು.

ಮನೆಯಿಂದ ಹಣೆ ತುಂಬಾ ವಿಭೂತಿ ಇಟ್ಟುಕೊಂಡ ಯಜಮಾನರು ಹೊರಗೆ ಬಂದರು. ಎಣ್ಣೆ ವ್ಯಾಪಾರದ ವೀರಭದ್ರಪ್ಪ ಎಂದು ಪರಿಚಯ ಹೇಳಿಕೊಂಡರು. ಅವರ ಹಿಂದೆ ಅವರ ಹೆಂಡತಿ ಗಿರಿಜಮ್ಮ. ನಾಲ್ಕು ಕಡೆಯಿಂದ 'ಏಮೈಂದಿ? ಏನಾಯ್ತು?' ಎಂದು ತೆಲುಗು ಕನ್ನಡ ಎರಡರಲ್ಲೂ ಕೇಳುತ್ತಾ ಜನ ಕೂಡಿದರು. ನಾನು ಇಳಿದು, ಎರಡೂ ಕೈ ಮುಗಿದು, ಗಿರಿಜಮ್ಮನ ಕಡೆ ತಿರುಗಿ ಕೇಳಿದೆ:

"ಅಮ್ಮಾ, ಮೇಲೆ ಒಣಹಾಕಿದೀರಲ್ಲ, ಆ ಸೀರೆ ಎಲ್ಲಿ ತಗೊಂಡ್ರಿ?"

ಕಾರೊಳಗಿದ್ದ ರತ್ನ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತಲೆಗೆ ಪೆಟ್ಟಾಗಿದೆಯೇನೋ ಎಂದು ವೀರಭದ್ರಪ್ಪನವರು ನನ್ನ ಹಣೆಯನ್ನೇ ನೋಡಿದರು. ಗಿರಿಜಮ್ಮ ಮಾತ್ರ ಸಮಾಧಾನದಿಂದ ಉತ್ತರ ಕೊಟ್ಟರು.

"ಅದಾ? ಅದು ಕೆಂಪು ಸೀರೆ ಕಣಪ್ಪ. ಹಸಿರು ಸೀರೆ ಜೊತೆ ಬಕೆಟ್ಟಲ್ಲಿ ನೆನೆಹಾಕ್ಬುಟ್ಟೆ. ಎರಡೂ ಬಣ್ಣ ಬಿಟ್ಕೊಂಡು ಹಿಂಗಾಗೈತೆ. ಹಿಂದೂಪುರದ ಬಣ್ಣವಂತೆ. ಯಾವೋನು ಹಾಕಿದ್ನೋ ಏನೋ, ಅವನ ಕೈ ಸೇದ್ಹೋಗ!"

ನಾನು ಯಾವ ಊರಿನವನೆಂದು ಅವರು ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ. ಯಾವ ಮನೆಯ ಬಣ್ಣವೆಂಬ ಕುತೂಹಲ ಅಷ್ಟೊತ್ತಿಗೆ ಪೂರ್ತಿ ಇಳಿದಿತ್ತು.

ವೀರಭದ್ರಪ್ಪನವರು ದೊಡ್ಡ ಮನುಷ್ಯರು. ತಮ್ಮ ಬಂಪರ್ ಮೇಲಿನ ಕೆಂಪು ಗೀರನ್ನು ಪಂಚೆಯ ತುದಿಯಿಂದ ಒರೆಸಿದರು. ಅರ್ಧ ಹೋಯಿತು. "ಪರ್ವಾಲೇದು, ನಂದು ಇಷ್ಟೇ. ನಿಮ್ದೇ ಜಾಸ್ತಿ ಆಗೈತೆ. ಫೋಟೋ ಹೊಡ್ಕೊಂಡು ಇನ್ಶೂರೆನ್ಸ್‌ನೋರಿಗೆ ತಿಳಿಸ್ರಿ. ಅವ್ರು ಬಂದು ನೋಡೋವರ್ಗೂ ಕೈ ಹಚ್ಚಬ್ಯಾಡಿ," ಅಂದರು. ಮಜ್ಜಿಗೆ ಕೊಟ್ಟು ಕಳಿಸಿದರು. ಇಷ್ಟು ಒಳ್ಳೆಯ ಸಲಹೆ ನನಗೆ ಈಚೆಗೆ ಯಾರೂ ಕೊಟ್ಟಿರಲಿಲ್ಲ. ನೂಲು ಮುಟ್ಟಿಸಿ, ವಾಪಸ್ ಹೊರಟು ಮಡಕಶಿರಾ ಬರುವಷ್ಟರಲ್ಲಿ ನಾನು ಅದನ್ನು ತಳ್ಳಿಹಾಕಿದೆ.

"ಈಗ್ಲೇ ಸುರೇಶಂಗೆ ಫೋನ್ ಮಾಡಿ ಹೇಳಿಬುಡಿ," ಅಂದಳು ರತ್ನ. ದಾರಿಯುದ್ದಕ್ಕೂ ಅವಳು ಆಡಿದ್ದು ಹೆಚ್ಚುಕಡಿಮೆ ಅದೊಂದೇ ಮಾತು, ಆದರೆ ಬಹಳ ಸಲ ಆಡಿದಳು.

"ಅವನು ಗಂಗೆಯಲ್ಲಿ ಮುಳುಗೋ ಹೊತ್ತಲ್ಲಿ ಈ ಸುದ್ದಿ ಹೇಳಿದ್ರೆ ಮೇಲಕ್ಕೆ ಎದ್ದಾನಾ? ಪುಣ್ಯ ಮಾಡೋಕೆ ಹೋದೋನು, ಮಾಡ್ಕೊಂಡು ಬರ್ಲಿ."

"ಇನ್ಶೂರೆನ್ಸ್?"

"ಅವ್ರಿಗೆ ಹೇಳಿದ್ರೆ ಕಾರಿನ ಓನರಿಗೆ ಮೆಸೇಜ್ ಹೋಯ್ತದೆ. ಇನ್ನೂ ಆರು ದಿನ ಐತೆ. ಇಂಥ ಬಾಗಿಲು ಹತ್ತು ಸರಿಮಾಡಿಸಬಹುದು. ಬಣ್ಣದ ವಿಷಯ ನನಗೆ ಬಿಡು."

ಹಿಂದೂಪುರದ ಹೊರಗೆ, ಚಿಲಮತ್ತೂರು ರಸ್ತೆಯಲ್ಲಿ ಬಾಷಾನ ಶೆಡ್ಡು. ನಮ್ಮ ಕಡೆಯ ಜಜ್ಜಿದ ಕಾರುಗಳೆಲ್ಲ ಅಲ್ಲಿಗೇ ಬರುತ್ತವೆ. ಬಾಷಾ ಒಂಟಿ ಕೆಲಸಗಾರ, ಮಾತು ಕಡಿಮೆ, ಬಾಯಲ್ಲಿ ಸದಾ ಒಂದು ಏಲಕ್ಕಿ. ನಾನು ಮರುದಿನ ಬೆಳಿಗ್ಗೆಯೇ ಹೋಗಿ ಒಂದು ಸ್ಟೂಲು ಹಾಕಿಕೊಂಡು ಕೂತೆ. ನಿಜ ಹೇಳಬೇಕೆಂದರೆ ನನ್ನ ಭಯವೆಲ್ಲ ಅರ್ಧ ಗಂಟೆಯಲ್ಲಿ ಹೋಗಿ ಅಲ್ಲಿನ ಕೆಲಸ ನೋಡುವುದರಲ್ಲೇ ಮೈಮರೆತೆ. ಅವನು ಒಳಗಿನಿಂದ ತಟ್ಟುತ್ತಾನೆ, ಹೊರಗೆ ಅಂಗೈಯಿಟ್ಟು ಸವರುತ್ತಾನೆ. ಕಣ್ಣಿಗೆ ಕಾಣದ ಉಬ್ಬು ಅವನ ಅಂಗೈಗೆ ಸಿಗುತ್ತದೆ!

"ಅದು ಹೆಂಗೆ ಗೊತ್ತಾಯ್ತದೆ ಬಾಷಾ? ತಗ್ಗಿಗೆ ಈ ಪುಟ್ಟಿ ಯಾಕೆ ಮೆತ್ತೋದು? ನೀರು ಹಾಕ್ಕೊಂಡೇ ಯಾಕೆ ಉಜ್ತೀಯ? ಒಣಗೋಕೆ ಎಷ್ಟೊತ್ತು?"

"ಕೊಂಚಂ ಆಗಂಡಿ ಸಾರ್, ಸ್ವಲ್ಪ ತಡೀರಿ," ಅನ್ನುತ್ತಿದ್ದ ಅವನು. ಎರಡನೆಯ ದಿನ ನನ್ನ ಸ್ಟೂಲನ್ನು ಅವನೇ ಬೇವಿನ ಮರದ ಕೆಳಗೆ ಇಟ್ಟ. ಶೆಡ್ಡಿನಿಂದ ಅದು ಸಾಕಷ್ಟು ದೂರವಿತ್ತು.

ಬಾಗಿಲು ನೆಟ್ಟಗಾಯಿತು. ಇನ್ನು ಬಣ್ಣ. ಬಾಷಾ ಬಾಗಿಲು ತೆರೆದು, ಒಳಗಿನ ಚೌಕಟ್ಟಿಗೆ ಅಂಟಿಸಿದ್ದ ಒಂದು ಚೀಟಿ ತೋರಿಸಿದ. "ಇದ್ರಾಗೆ ಕೋಡ್ ಐತೆ ಸಾರ್. ಪೇಂಟ್ ಅಂಗಡಿಯಾಗೆ ಹೇಳಿದ್ರೆ ಮೆಷಿನ್ನಾಗೆ ಕಲಸಿ ಕೊಡ್ತಾರೆ."

ಮೆಷಿನ್! ನನ್ನ ಮುಂದೆ! ಮೂರು ತಲೆಮಾರಿನ ಕಣ್ಣು ಎದುರಿಗೆ ಕೂತಿರುವಾಗ ಈ ಮನುಷ್ಯ ಚೀಟಿ ಓದುತ್ತಾನೆ!

"ಬಾಷಾ, ನೀನು ಬಿಡಿ ಬಿಡಿ ಬಣ್ಣದ ಡಬ್ಬ ತಂದುಕೊಡು. ಕಲಸೋದು ನಾನು."

ಬಾಷಾ ಏಲಕ್ಕಿಯನ್ನು ಬಲದವಡೆಯಿಂದ ಎಡದವಡೆಗೆ ತಳ್ಳಿದ. ಅದು ಒಪ್ಪಿಗೆಯೆಂದು ನಾನು ತಿಳಿದೆ.

ಕೆಂಪು ತಗೊಂಡೆ, ಅದಕ್ಕೆ ಹನಿ ನೀಲಿ, ಉಗುರಿನ ತುದಿಯಷ್ಟು ಕಪ್ಪು. ಕಡ್ಡಿಯಿಂದ ಎತ್ತಿ ಪಕ್ಕದ ಬಾಗಿಲ ಹತ್ತಿರ, ಅಂದರೆ ಮುಂದಿನ ಬಾಗಿಲ ಹತ್ತಿರ ಹಿಡಿದು ನೋಡಿದೆ. ಮುಕ್ಕಾಲು ಗಂಟೆಯಲ್ಲಿ ಬಣ್ಣ ಸರಿಯಾಗಿ ಕೂಡಿತು. ಆದರೆ ನಾನು ಅಷ್ಟಕ್ಕೆ ಬಿಡುವವನೇ? ರೇಷ್ಮೆ ಒದ್ದೆಯಾಗಿದ್ದಾಗ ಬಣ್ಣ ಗಾಢ, ಒಣಗಿದ ಮೇಲೆ ತಿಳಿ. ಆದ್ದರಿಂದ ಹಂಡೆಯಲ್ಲಿ ಯಾವಾಗಲೂ ಬೇಕಾದದ್ದಕ್ಕಿಂತ ಒಂದು ಛಾಯೆ ಗಾಢ ಮಾಡಿಯೇ ನೂಲು ಎತ್ತಬೇಕು. ಇದು ನನ್ನ ರಕ್ತದಲ್ಲಿ ಬಂದ ವಿದ್ಯೆ. ಇನ್ನೆರಡು ಹನಿ ಕಪ್ಪು ಹಾಕಿದೆ.

"ಸಾರ್, ಜಾಸ್ತಿ ಆಯ್ತದೆ," ಅಂದ ಬಾಷಾ.

"ಒಣಗ್ಲಿ ನೋಡು. ತಿಳಿಯಾಯ್ತದೆ."

ಒಣಗಿತು. ಸ್ವಲ್ಪ ತಿಳಿಯಾಯಿತು ಕೂಡ. ನಾನು ಮೀಸೆ ತಿರುವಿದೆ. ಆಮೇಲೆ ಬಾಷಾ ಅದರ ಮೇಲೆ ಹೊಳಪು ಬರಲೆಂದು ನೀರಿನಂಥ ಒಂದು ವಾರ್ನಿಷ್ ಹೊಡೆದ. ಅದು ಬಿದ್ದದ್ದೇ ತಡ, ಬಾಗಿಲು ಕಪ್ಪಗಾಗತೊಡಗಿತು. ದಾಳಿಂಬೆ ಹೋಗಿ ಅರಗಾಯಿತು, ಅರಗು ಹೋಗಿ ಬದನೆಕಾಯಾಯಿತು! ಕೆಂಪು ಕಾರಿಗೆ ಬದನೆಕಾಯಿ ಬಾಗಿಲು! ಕಾರು ರೇಷ್ಮೆಯಲ್ಲ ಎಂಬ ಸಂಗತಿ ನನಗೆ ಆ ಕ್ಷಣ ಹೊಳೆಯಿತು.

ಮಧ್ಯಾಹ್ನ ಊಟ ತಂದಿದ್ದ ರತ್ನ ಅದನ್ನು ನೋಡಿ ಬುತ್ತಿಯನ್ನು ಕೆಳಗಿಟ್ಟಳು. "ಮುಂಚೆ ಬರೀ ಗೀರಿತ್ತು," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿಯೂ ಬೇಸರವಾಯಿತು. ಅವಳಿಗೆ ಇರುವುದು ಒಬ್ಬನೇ ತಮ್ಮ. ವರ್ಷಕ್ಕೆರಡು ಸಲ ಅವಳು ಹೋಗುವ ಮನೆಯೂ ಅದೊಂದೇ.

ಬಾಷಾ ಬಣ್ಣ ಕೆರೆದು ಹಾಕಿದ. ಈ ಸಲ ಅವನೇ ಅಂಗಡಿಗೆ ಹೋಗಿ ಚೀಟಿಯ ಪ್ರಕಾರ ಕಲಸಿದ ಡಬ್ಬ ತಂದ. ಒಂದು ರಟ್ಟಿನ ಮೇಲೆ ಹೊಡೆದು, ವಾರ್ನಿಷ್ ಕೊಟ್ಟು, ಮುಂದಿನ ಬಾಗಿಲಿಗೆ ಹಿಡಿದ. ನಾನು ದೂರದ ಸ್ಟೂಲಿನಿಂದಲೇ ಕೂಗಿದೆ.

"ಕೂಡಲ್ಲ! ಬೇರೆ ಹಂಡೆ! ನಿನ್ನ ಮೆಷಿನ್ ಬಣ್ಣದಾಗೆ ನೀಲಿ ಕಮ್ಮಿ ಐತೆ!"

ಬಾಷಾ ರಟ್ಟನ್ನು ನೋಡಿದ, ಬಾಗಿಲನ್ನು ನೋಡಿದ, ತಲೆ ಕೆರೆದುಕೊಂಡ. "ಕರೆಕ್ಟ್ ಸಾರ್. ಕೂಡಲ್ಲ. ಆದ್ರೆ ಇದು..."

"ಆದ್ರೆ ಗೀದ್ರೆ ಏನಿಲ್ಲ. ಆ ಡಬ್ಬ ಇಲ್ಲಿ ಕೊಡು!"

ಗೆದ್ದವನ ಉತ್ಸಾಹದಲ್ಲಿ ಆ ಡಬ್ಬಕ್ಕೆ ನೀಲಿ ಸೇರಿಸಿದೆ. ಈ ಸಲ ಪ್ರತಿ ಹನಿಗೂ ರಟ್ಟಿನ ಮೇಲೆ ಹೊಡೆಸಿದೆ, ವಾರ್ನಿಷ್ ಕೊಡಿಸಿದೆ, ಒಣಗುವವರೆಗೆ ಕಾದೆ. ಹನ್ನೊಂದು ರಟ್ಟು! ಹನ್ನೊಂದನೆಯ ರಟ್ಟನ್ನು ಮುಂದಿನ ಬಾಗಿಲಿಗೆ ಒತ್ತಿದರೆ ರಟ್ಟು ಎಲ್ಲಿದೆಯೆಂದು ಬಾಷಾನಿಗೇ ಕಾಣಲಿಲ್ಲ. "ಭಲೇ ಸಾರ್!" ಅಂದ. ಮೆಷಿನ್ ಸೋತಿತು, ಕಣ್ಣು ಗೆದ್ದಿತು. ಹಿಂದಿನ ಬಾಗಿಲಿಗೆ ಬಣ್ಣ ಬಿತ್ತು.

ಮಾರನೆಯ ದಿನ ಹತ್ತು ಗಂಟೆಗೆ ಕಾರನ್ನು ಶೆಡ್ಡಿನಿಂದ ಬಿಸಿಲಿಗೆ ತಂದೆವು. ಹಿಂದಿನ ಬಾಗಿಲೂ ಮುಂದಿನ ಬಾಗಿಲೂ ಅವಳಿ ಜವಳಿ. ಒಂದು ಕೂದಲಿನಷ್ಟು ವ್ಯತ್ಯಾಸವಿಲ್ಲ. ನಾನು ಹಿಂದೆ ಹಿಂದೆ ಸರಿಯುತ್ತಾ, ಕಾರನ್ನು ಪೂರ್ತಿಯಾಗಿ ನೋಡಿದೆ. ಎರಡು ಬಾಗಿಲೂ ಒಂದೇ ಬಣ್ಣ, ನಿಜ. ಉಳಿದ ಕಾರು ಬೇರೆ ಬಣ್ಣ!

ಸಾಮಾನ್ಯರಿಗೆ ಕಾಣುವಂಥದ್ದಲ್ಲ. ಒಂದು ಎಳೆಯಷ್ಟು. ಆದರೂ ನಾನು ಕಾರನ್ನು ಮೂರು ಸುತ್ತು ಸುತ್ತಿದೆ. ಬಾನೆಟ್ಟು, ಬಲಗಡೆ, ಡಿಕ್ಕಿ, ಎಲ್ಲವೂ ಒಂದೇ ಹಂಡೆಯವು. ನಾನು ಆಧಾರವಾಗಿ ಹಿಡಿದಿದ್ದ ಮುಂದಿನ ಬಾಗಿಲೊಂದು ಮಾತ್ರ ಅವುಗಳ ಜೊತೆಗೆ ಹುಟ್ಟಿದ್ದಲ್ಲ.

"ಅದೇ ಸಾರ್ ನಿನ್ನೆ ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ," ಅಂದ ಬಾಷಾ. ಮುಂದಿನ ಬಾಗಿಲ ಅಂಚಿನ ರಬ್ಬರನ್ನು ಉಗುರಿನಿಂದ ಎತ್ತಿ ತೋರಿಸಿದ. ರಬ್ಬರಿನ ಒಳಮೈಗೆ ಕೆಂಪು ತುಂತುರು ಬಿದ್ದಿತ್ತು. "ಇದು ಕಂಪನಿ ಪೇಂಟಲ್ಲ. ಮೊದ್ಲೇ ಯಾರೋ ಗುದ್ದಿಸಿ, ರಿಪೇರಿ ಮಾಡ್ಸವ್ರೆ."

ಯಾರೋ ಅಂದರೆ ಯಾರು? ಕಾರಿಗೆ ಸುರೇಶನನ್ನು ಬಿಟ್ಟು ಬೇರೆ ಯಾರೂ ಕೈ ಹಚ್ಚುವುದಿಲ್ಲ! ನನಗೆ ಆದ ಸಂತೋಷವನ್ನು ಹೇಳಲಾರೆ. ಓಡಿ ಬಂದು ರತ್ನಳಿಗೆ ಹೇಳಿದೆ. ಮೊದಲು ಅವಳು ನಂಬಲಿಲ್ಲ. ನಂಬಿದ ಮೇಲೆ ನನ್ನ ಸಂತೋಷ ಕಂಡು ಅವಳಿಗೆ ಭಯವಾಯಿತು.

"ಇಲ್ಲಿ ನೋಡಿ," ಅಂದಳು. "ಅವನು ಸುಜಾತಂಗೆ ಹೇಳ್ದೆ ಮುಚ್ಚಿಟ್ಟವ್ನೆ. ಅಲ್ಲಿ ಈ ಸುದ್ದಿ ಬಂದಿದ್ರೆ ಅವಳು ನನ್ನ ಹತ್ರ ಹೇಳ್ದೆ ಇರ್ತಿರ್ಲಿಲ್ಲ. ನೀವೂ ಮುಚ್ಚಿಟ್ಟಿದೀರ. ಸರಿಗೆ ಸರಿ ಆಯ್ತು. ಎರಡು ಬಾಗ್ಲೂ ಒಂದೇ ಬಣ್ಣ ಐತೆ, ಯಾರಿಗೂ ಗೊತ್ತಾಗಲ್ಲ. ಅವ್ರು ಬಂದು ಕಾರು ತಗೊಂಡು ಹೋಗೋವರ್ಗೂ ನೀವು ಬಾಯಿ ಬಿಡಬ್ಯಾಡಿ. ಕಣ್ಣಿನ ಸುದ್ದಿ ಎತ್ತಲೇಬ್ಯಾಡಿ."

"ಒಂದು ದಿನ ತಾನೆ? ಇರ್ತೀನಿ ಬಿಡು."

"ಒಂದು ದಿನ ಅಲ್ಲ ಕಣ್ರೀ. ಒಂದು ಗಂಟೆ. ತಿಂಡಿ ತಿಂದು ಹೊರಡ್ತಾರೆ."

ಒಂದು ಗಂಟೆ! ಇದಕ್ಕಿಂತ ಸುಲಭವಾದ ಕೆಲಸವನ್ನು ರತ್ನ ನನಗೆ ಯಾವತ್ತೂ ಹೇಳಿರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಇಬ್ಬರೂ ರೈಲಿಳಿದು ಬಂದರು. ಸುರೇಶ ಚಪ್ಪಲಿ ಬಿಡುವ ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಎಡಗಡೆಗೆ ಬಂದಾಗ ನಾನು ಉಸಿರು ಬಿಗಿ ಹಿಡಿದೆ. ಅವನು ಬಾಗಿಲ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿ, "ಚೆನ್ನಾಗಿ ನೋಡ್ಕೊಂಡಿದೀರ ಬಾವ," ಅಂದ. ರತ್ನ ಅಡುಗೆ ಮನೆಯಲ್ಲಿ ದೇವರಿಗೆ ಕೈ ಮುಗಿದದ್ದು ನನಗೆ ಕಾಣಿಸಿತು.

ಇಡ್ಲಿ ಬಂತು. ಕಾಶಿಯ ಕತೆ ಬಂತು. ಮುಕ್ಕಾಲು ಗಂಟೆ ಕಳೆಯಿತು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಸುಜಾತ ಚೀಲದಿಂದ ಎರಡು ರೇಷ್ಮೆ ಸೀರೆ ತೆಗೆದಳು.

"ಅತ್ತಿಗೆ, ನಿಮಗೊಂದು ನನಗೊಂದು. ಎರಡೂ ಒಂದೇ ತರ."

ಎರಡೂ ನವಿಲು ಬಣ್ಣದವು. ಚಾಪೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು. ನಾನು ನೋಡಬಾರದಿತ್ತು. ನೋಡಿದೆ.

"ಒಂದೇ ತರ ಅಲ್ಲಮ್ಮ," ಅಂದೆ, ಬಹಳ ಮೆಲ್ಲಗೆ. "ಬೇರೆ ಬೇರೆ ಹಂಡೆಯವು."

ರತ್ನ ಕೆಮ್ಮಿದಳು. ಸುರೇಶ ನಕ್ಕ. "ಬಾವ, ಒಂದೇ ಅಂಗಡಿ, ಒಂದೇ ಕಟ್ಟಿಂದ ತೆಗೆದುಕೊಟ್ಟ. ನಿಮ್ಮ ಕಾಲ ಹೋಯ್ತು. ಈಗೆಲ್ಲಾ ಕಂಪ್ಯೂಟ್ರು ಕಲಸೋದು. ನಿಮ್ಮ ಕಣ್ಣಿಗೂ ವಯಸ್ಸಾಯ್ತು ಬಿಡಿ."

ರತ್ನ ಇನ್ನೊಂದು ಸಲ ಕೆಮ್ಮಿದಳು. ಕೆಮ್ಮು ನನಗೆ ಕೇಳಿಸಿತು. ಅದರ ಅರ್ಥವೂ ಆಯಿತು. ಆದರೆ ವಯಸ್ಸಾಯ್ತು ಎಂಬ ಮಾತು ಕಿವಿಯಲ್ಲಿ ಅದಕ್ಕಿಂತ ಮೊದಲೇ ಹೋಗಿ ಕೂತಿತ್ತು.

"ನನ್ನ ಕಣ್ಣಿಗೆ ವಯಸ್ಸಾ?" ಎದ್ದು ನಿಂತೆ. "ನಿನ್ನ ಕಾರಿನ ಮುಂದಿನ ಬಾಗ್ಲು ಬೇರೆ ಹಂಡೇದು ಅಂತ ಕಂಡುಹಿಡಿದೋನು ಕಣಯ್ಯ ನಾನು!"

ಸುರೇಶನ ಕೈಯಲ್ಲಿದ್ದ ಇಡ್ಲಿ ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬರಲಿಲ್ಲ.

"ಯಾವ ಬಾಗ್ಲು ಅಣ್ಣ?" ಅಂದಳು ಸುಜಾತ.

ಇಲ್ಲಿಗಾದರೂ ನಾನು ನಿಲ್ಲಿಸಬಹುದಿತ್ತು. ಆದರೆ ಕುತೂಹಲದಿಂದ ಕೇಳುವವರು ಸಿಕ್ಕಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ರಬ್ಬರ್ ಎತ್ತಿದೆ, ತುಂತುರು ತೋರಿಸಿದೆ, ಬಾನೆಟ್ಟಿಗೂ ಬಾಗಿಲಿಗೂ ಇರುವ ಎಳೆಯಷ್ಟು ನೀಲಿಯನ್ನು ವಿವರಿಸಿದೆ.

"ಹಿಂದಿನ ಬಾಗ್ಲೂ ಇದೇ ಬಣ್ಣ ಐತಲ್ಲಣ್ಣ?"

"ಅದು ನಾನು ಕೂಡಿಸಿದ್ದು!" ಅಂದೆ, ಎದೆಯುಬ್ಬಿಸಿ. "ಹನ್ನೊಂದು ರಟ್ಟು!"

ಆಗ ರತ್ನ ಕೆಮ್ಮುವುದನ್ನು ಬಿಟ್ಟು ಹಣೆ ಚಚ್ಚಿಕೊಂಡಳು.

ಸುಜಾತ ಮೊದಲು ಗಂಡನ ಕಡೆ ತಿರುಗಿದಳು. ಸುರೇಶ ತಪ್ಪೊಪ್ಪಿಕೊಂಡ. ಹೋದ ವರ್ಷ ತನ್ನದೇ ಪಾತ್ರೆ ಅಂಗಡಿಯ ಮುಂದಿನ ಕಂಬಕ್ಕೆ ಗುದ್ದಿದ್ದನಂತೆ.

"ಆ ಕಂಬಕ್ಕೆ ಆಟೋದೋನು ಗುದ್ದಿದ ಅಂದ್ರಲ್ರೀ!" ಅಂದಳು ಅವಳು. "ಮೂರು ದಿನ ಕಾರು ಸರ್ವೀಸ್ಗೆ ಹೋಗೈತೆ ಅಂದ್ರಲ್ಲ! ಎರಡು ವರ್ಷದಿಂದ ಲೈಸೆನ್ಸ್ ಇಟ್ಕೊಂಡು ಕೂತಿದೀನಿ. ಕೀ ಕೇಳಿದ್ರೆ 'ಹೆಂಗಸರು ಗೀಚಿಬುಡ್ತೀರ' ಅಂತೀರ!"

ಆಮೇಲೆ ನನ್ನ ಕಡೆ ತಿರುಗಿದಳು. "ನೀವೂನಾ ಅಣ್ಣ?" ಅಂದಳು, ಅಷ್ಟೇ. ಇಪ್ಪತ್ತೆಂಟು ವರ್ಷ ಆ ಮನೆಯಲ್ಲಿ ಮೊದಲ ಎಲೆಗೆ ಕೂತು ಉಂಡ ಅಳಿಯ ನಾನು. ನೆಲ ನೋಡಿದೆ.

"ಕೀ ಕೊಡಿ," ಅಂದಳು ಸುಜಾತ.

ನಾನು ಎರಡೂ ಕೈಯಲ್ಲಿ ಕೊಟ್ಟೆ.

"ಅತ್ತಿಗೆ, ನೀವು ಸೀರೆ ಬಟ್ಟೆ ತಗೊಂಡು ಬನ್ನಿ. ನಾಲ್ಕು ದಿನ ಇದ್ದು ಬರೀರಂತೆ. ಇವ್ರಿಬ್ರೂ ಬಸ್ಸಲ್ಲಿ ಬರ್ಲಿ."

ತವರಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದಿದ್ದ ರತ್ನ ಹತ್ತೇ ನಿಮಿಷದಲ್ಲಿ 'ಬತ್ತೀನಿ ಕಣ್ರೀ' ಎಂದು, ಇದ್ದ ಮುಖಕ್ಕೇ ಇನ್ನಷ್ಟು ಪೌಡರ್ ಹಚ್ಚಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನಮ್ಮ ಗೇಟು ಕಿರಿದು. ರಿವರ್ಸ್ ತೆಗೆಯುವಾಗ 'ಬಲಕ್ಕೆ, ಎಡಕ್ಕೆ' ಎಂದು ಹೇಳಲು ನಾನೂ ಸುರೇಶನೂ ಎರಡು ಕಡೆ ನಿಂತೆವು. "ಇಬ್ರೂ ದೂರ ಹೋಗಿ," ಅಂದಳು ಸುಜಾತ. ಒಂದೇ ಸಲಕ್ಕೆ ತೆಗೆದಳು. ಎರಡೂ ಕಡೆ ನಾಲ್ಕು ಬೆರಳು ಜಾಗ ಉಳಿದಿತ್ತು!

ನಾನೂ ಬಾಮೈದನೂ ಕಾಶಿಯ ಚೀಲಗಳನ್ನು ಹೊತ್ತುಕೊಂಡು ಬಸ್ಸು ಹತ್ತಿದೆವು. ಗಡಿಯ ಈಚೆ ನಮ್ಮ ತೆಲುಗು ಸೀಮೆಯಲ್ಲೂ ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಪುಕ್ಕಟೆ ಬರಬಹುದಾದವರು ಕಾರಿನಲ್ಲಿದ್ದರು, ಟಿಕೆಟ್ ತಗೊಳ್ಳಬೇಕಾದವರು ಬಸ್ಸಿನಲ್ಲಿದ್ದೆವು. ಸುರೇಶ ಕಿಟಕಿಯ ಕಡೆ ಮುಖ ತಿರುಗಿಸಿ ಕೂತ. ಇನ್ನು ಈ ಜನ್ಮದಲ್ಲಿ ಇವನು ನನ್ನನ್ನು ಬಾವ ಅನ್ನುವುದಿಲ್ಲ ಎಂದುಕೊಂಡೆ. ನಿಜಕ್ಕೂ ಸಂಕಟವಾಯಿತು. ರತ್ನಳ ತವರು ಅವಳಿಗೆ ಉಳಿಯಿತು, ನನಗೆ ಹೋಯಿತು.

ಮಡಕಶಿರಾ ದಾಟಿದ ಮೇಲೆ ಅವನು ಮೆಲ್ಲಗೆ ಈ ಕಡೆ ತಿರುಗಿದ.

"ಬಾವ."

"ಏನಪ್ಪ?"

"ಆದದ್ದು ಆಯ್ತು. ಆದ್ರೆ ಬಣ್ಣ ಮಾತ್ರ ಸಕತ್ತಾಗಿ ಕೂಡಿಸಿದೀರ. ಸುತ್ತ ತಿರುಗಿ ನೋಡಿದ್ರೂ ನನಗೇ ಗೊತ್ತಾಗ್ಲಿಲ್ಲ."

ನನ್ನ ಕಣ್ಣು ತುಂಬಿ ಬಂತು. ಎಂಥ ಒಳ್ಳೆಯ ಹುಡುಗ! ಎಷ್ಟು ದೊಡ್ಡ ಮನಸ್ಸು! ಇದಕ್ಕೆ ನಾನೂ ಏನಾದರೂ ಒಳ್ಳೆಯ ಮಾತು ಹೇಳಬೇಕೆನ್ನಿಸಿತು. ಅವನ ಭುಜದ ಮೇಲೆ ಕೈಯಿಟ್ಟು ಪ್ರೀತಿಯಿಂದ ಹೇಳಿದೆ:

"ನಿನ್ನ ಬಾಗ್ಲು ಮಾಡ್ದೋನೂ ಕೆಟ್ಟದಾಗೇನ್ ಮಾಡಿಲ್ಲ ಸುರೇಶ. ಸ್ವಲ್ಪ ನೀಲಿ ಜಾಸ್ತಿ ಹಾಕವ್ನೆ, ಅಷ್ಟೇ. ಹೋದ ವರ್ಷವೇ ನನ್ನ ಹತ್ರ ತಂದಿದ್ರೆ ಸುಜಾತಂಗೆ ಗೊತ್ತೇ ಆಗ್ತಿರ್ಲಿಲ್ಲ ನೋಡು!"

ಸುರೇಶ ನನ್ನ ಕೈಯನ್ನು ಭುಜದಿಂದ ತೆಗೆದ. ಎದ್ದು ಹೋಗಿ ಡ್ರೈವರ್ ಹಿಂದೆ ಕಂಬಿ ಹಿಡಿದು ನಿಂತ. ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿ ಇತ್ತು. ಕಲ್ಯಾಣದುರ್ಗದವರೆಗೂ ನಿಂತೇ ಬಂದ!